ಮೊಗ್ಗಿನ ಹೆಸರಿಟ್ಟುಕೊಂಡ ಕಲ್ಲು

ಜೆಮ್ಸ್ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ನೀರೂರುತ್ತದೆ, ಗೊತ್ತು. ಆದರೆ ಬಣ್ಣಬಣ್ಣದ ಚಾಕೊಲೇಟ್ ಬಿಲ್ಲೆಗಳ ಮಾತು ಸದ್ಯಕ್ಕೆ ಬಿಡೋಣ. ಇಂಗ್ಲಿಷಿನಲ್ಲಿ ‘ಜೆಮ್’ ಅಂದರೆ ರತ್ನ. ಮಾಣಿಕ್ಯ, ನೀಲ, ಪಚ್ಚೆ, ವಜ್ರ ಎಲ್ಲವೂ ಜೆಮ್‌ಗಳೇ. ಆದರೆ ಈ ಪದದ ಹಿಂದೆ ಹೋದರೆ ನಾವು ತಲುಪುವುದು ಅಕ್ಕಸಾಲಿಗರ ಅಂಗಡಿಯನ್ನಲ್ಲ, ದ್ರಾಕ್ಷಿ ತೋಟವನ್ನು.

ಇಂಗ್ಲಿಷಿಗೆ ಈ ಪದ ಬಂದದ್ದು ಲ್ಯಾಟಿನ್‌ನಿಂದ, ಫ್ರೆಂಚ್ ಭಾಷೆಯ ದಾರಿಯಾಗಿ. ಹಳೆಯ ರೋಮಿನ ಜನ ‘ಗೆಮ್ಮ’ ಎನ್ನುತ್ತಿದ್ದರು. ಅದಕ್ಕೆ ಎರಡು ಅರ್ಥ. ಒಂದು ರತ್ನ, ಇನ್ನೊಂದು ಮೊಗ್ಗು. ಮೊಗ್ಗೆಂದರೆ ಮುಡಿಯುವ ಮಲ್ಲಿಗೆ ಮೊಗ್ಗಲ್ಲ. ಕಬ್ಬಿನ ಗಿಣ್ಣಿನಲ್ಲಿ ಚಿಗುರಲು ಕಾದು ಕೂತಿರುತ್ತದಲ್ಲ, ನಮ್ಮ ರೈತರು ‘ಕಣ್ಣು’ ಅನ್ನುತ್ತಾರಲ್ಲ, ಅಂಥದು. ದ್ರಾಕ್ಷಿ ಬಳ್ಳಿಯ ಕಣ್ಣು ಉಬ್ಬಿ ಚಿಗುರೊಡೆಯುವ ಹೊತ್ತಿಗೆ ರೋಮಿನ ರೈತರು ‘ಬಳ್ಳಿ ಗೆಮ್ಮ ಬಿಡುತ್ತಿದೆ’ ಎಂಬ ಅರ್ಥದ ಮಾತಾಡುತ್ತಿದ್ದರು.

ಹಾಗಾದರೆ ಮೊದಲು ಯಾವುದು? ಮೊಗ್ಗೋ, ರತ್ನವೋ? ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲಿ ಸಿಸೆರೊ ಎಂಬ ದೊಡ್ಡ ವಾಗ್ಮಿ ಇದ್ದ. ರೈತರು ಮೊಗ್ಗನ್ನು ರತ್ನಕ್ಕೆ ಹೋಲಿಸಿ ಹಾಗೆ ಹೇಳುತ್ತಾರೆ, ಹಳ್ಳಿಯವರ ಬಾಯಲ್ಲೂ ಎಂಥ ಅಲಂಕಾರ ಎಂಬುದು ಅವನ ಎಣಿಕೆ. ಇಂದಿನ ಭಾಷಾ ವಿದ್ವಾಂಸರಲ್ಲಿ ಬಹಳ ಮಂದಿ ಇದನ್ನು ಒಪ್ಪುವುದಿಲ್ಲ. ಮೊಗ್ಗು ಮೊದಲು, ರತ್ನ ಆಮೇಲೆ ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ರತ್ನ ಸಿರಿವಂತರ ಬೆರಳಲ್ಲಿ ಮಾತ್ರ ಇರುತ್ತದೆ, ಮೊಗ್ಗು ಎಲ್ಲರ ಹಿತ್ತಲಲ್ಲೂ ಇರುತ್ತದೆ. ಅಲ್ಲದೆ ಆಗಿನ ರತ್ನಗಳಿಗೆ ಈಗಿನ ವಜ್ರದ ಹಾಗೆ ಹತ್ತಾರು ಮುಖ ಕತ್ತರಿಸುತ್ತಿರಲಿಲ್ಲ. ಹೆಚ್ಚಿನವನ್ನು ಉಜ್ಜಿ ಉಜ್ಜಿ ಉಬ್ಬಾಗಿ, ನುಣುಪಾಗಿ ಮಾಡುತ್ತಿದ್ದರು. ಉಂಗುರದಲ್ಲಿ ಕೂತ ಅಂಥ ಕಲ್ಲು ಥೇಟ್ ಮೊಗ್ಗೇ.

ರೋಮಿನವರಿಗೆ ಮಾತ್ರ ಹೀಗೆ ತೋಚಿತು ಅಂದುಕೊಳ್ಳಬೇಡಿ. ಅಜ್ಜಿಯ ಓಲೆಗೆ ಕೂರಿಸಿದ ಕಲ್ಲಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಹರಳು. ಹರಳೆಣ್ಣೆ ತೆಗೆಯುವ ಬೀಜಕ್ಕೆ? ಅದೂ ಹರಳೇ! ಗಾರ್ನೆಟ್ ಎಂಬ ಕೆಂಪು ರತ್ನದ ಹೆಸರು ಬಂದದ್ದು ದಾಳಿಂಬೆಯ ಲ್ಯಾಟಿನ್ ಹೆಸರಿನಿಂದ. ದಾಳಿಂಬೆ ಬಿಡಿಸಿ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ರತ್ನ ತೂಗುವ ಕ್ಯಾರೆಟ್ ಕೂಡ (ಹಲ್ವ ಮಾಡುವ ಕ್ಯಾರೆಟ್ ಬೇರೆ!) ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಕ್ಯಾರಬ್ ಎಂಬ ಮರದ ಬೀಜ. ಹಿಂದೆ ಆ ಬೀಜವನ್ನೇ ತಕ್ಕಡಿಗೆ ಹಾಕುತ್ತಿದ್ದರು, ನಮ್ಮ ಅಕ್ಕಸಾಲಿಗರು ಗುಲಗಂಜಿ ಹಾಕುತ್ತಿದ್ದ ಹಾಗೆ. ಕ್ಯಾರಬ್ ಬೀಜಗಳೆಲ್ಲ ಒಂದೇ ತೂಕ ಎಂದು ಬಹಳ ಕಾಲ ನಂಬಿದ್ದರು. ವಿಜ್ಞಾನಿಗಳು ತೂಗಿ ನೋಡಿದರೆ ಅವೂ ಬೇರೆ ಬೀಜಗಳ ಹಾಗೆ ಹೆಚ್ಚುಕಡಿಮೆ ಇದ್ದವು. ಈಗ ಬೀಜದ ಲೆಕ್ಕವಿಲ್ಲ, 1907ರಲ್ಲೇ ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ ಎಂದು ಗೊತ್ತು ಮಾಡಿದರು. ಅಂದ ಹಾಗೆ ಗುಲಗಂಜಿ, ಹರಳು ಬೀಜ ಎರಡೂ ವಿಷ. ನೋಡಲು ಚೆಂದವೆಂದು ಬಾಯಿಗೆ ಹಾಕೀರಿ, ಜೋಕೆ.

ಈಗ ನಿಜವಾದ ಪ್ರಶ್ನೆ. ಕಲ್ಲಿಗೆ ಮೊಗ್ಗಿನ ಹೆಸರಿಟ್ಟರಲ್ಲ, ಕಲ್ಲು ಮೊಗ್ಗಿನ ಹಾಗೆ ಬೆಳೆಯುತ್ತದೆಯೇ?

ಬೆಳೆಯುವುದು ನಿಜ, ಆದರೆ ಹಾಗಲ್ಲ. ಮೊಗ್ಗು ಒಳಗಿನಿಂದ ಬೆಳೆಯುತ್ತದೆ. ಅದರ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತವೆ. ರತ್ನ ಬೆಳೆಯುವುದು ಹೊರಗಿನಿಂದ. ನೆಲದಾಳದ ಬಿಸಿಯಲ್ಲಿ ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಸಾಲಾಗಿ, ಪದರದ ಮೇಲೆ ಪದರ ಕೂರುತ್ತ ಹೋದರೆ ಕುರುಂದ ಎಂಬ ಖನಿಜವಾಗುತ್ತದೆ. ಚಾಕು ಮಸೆಯಲು ಬಳಸುತ್ತಿದ್ದ ಒರಟು ಕಲ್ಲು ಅದೇ. ಅದರೊಳಗೆ ಚೂರೇ ಚೂರು ಕ್ರೋಮಿಯಂ ಸೇರಿದರೆ ಕೆಂಪಗಿನ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ! ಪದರ ಕೂರುವುದನ್ನು ಮನೆಯಲ್ಲೇ ನೋಡಬಹುದು. ದೊಡ್ಡವರಿಗೆ ಹೇಳಿ ಗಟ್ಟಿ ಸಕ್ಕರೆ ಪಾಕ ಮಾಡಿಸಿ, ಒಂದು ಲೋಟದಲ್ಲಿ ಹಾಕಿ, ದಾರ ಇಳಿಬಿಟ್ಟು ಕೆಲವು ದಿನ ಅಲುಗಿಸದೆ ಇಡಿ. ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುತ್ತದೆ.

ಇಷ್ಟಾದ ಮೇಲೆ ‘ಗೆಮ್ಮ’ದ ಹಳೆಯ ಅರ್ಥ ಸತ್ತೇಹೋಯಿತು ಅಂದುಕೊಂಡಿರಾ? ಇಲ್ಲ. ಸಸ್ಯವಿಜ್ಞಾನಿಗಳು ಅದನ್ನು ಇವತ್ತಿಗೂ ಬಳಸುತ್ತಾರೆ. ನನಗೆ ವಜ್ರಕ್ಕಿಂತ ಇಷ್ಟವಾದ ಗೆಮ್ಮ ಇದೇ.

ಮಳೆಗಾಲದಲ್ಲಿ ಮಲೆನಾಡಿನ ಹಳ್ಳದ ದಂಡೆಯಲ್ಲಿ, ನೀರು ಜಿನುಗುವ ಬಂಡೆಯ ಮೇಲೆ ಹಸಿರು ಪಟ್ಟಿಯಂಥ ಒಂದು ಗಿಡ ಅಂಟಿಕೊಂಡಿರುತ್ತದೆ. ಕಾಂಡವಿಲ್ಲ, ಎಲೆಯಿಲ್ಲ, ಹೂವಂತೂ ಇಲ್ಲವೇ ಇಲ್ಲ. ಪಟ್ಟಿ ಮುಂದೆ ಹೋಗುತ್ತ ಎರಡಾಗಿ ಕವಲೊಡೆಯುತ್ತದೆ, ಅಷ್ಟೆ. ಹೆಸರು ಮಾರ್ಕಾನ್ಶಿಯಾ. ಬಗ್ಗಿ ನೋಡಿದರೆ ಅದರ ಬೆನ್ನ ಮೇಲೆ ಕೆಲವೇ ಮಿಲಿಮೀಟರ್ ಅಗಲದ ಪುಟ್ಟ ಬಟ್ಟಲುಗಳು ಕಾಣುತ್ತವೆ. ಬಟ್ಟಲಿನ ಅಂಚು ಹಲ್ಲುಹಲ್ಲಾಗಿರುತ್ತದೆ. ಒಳಗೆ ಒಂದು ಮಿಲಿಮೀಟರೂ ಇಲ್ಲದ ಹಸಿರು ಬಿಲ್ಲೆಗಳು ತುಂಬಿರುತ್ತವೆ. ಇವೇ ಗೆಮ್ಮಗಳು.

ಮಳೆಯ ಹನಿ ಬಟ್ಟಲೊಳಗೆ ರಪ್ಪೆಂದು ಬಿದ್ದಾಗ ನೀರು ಸಿಡಿಯುತ್ತದೆ, ನೀರಿನ ಜೊತೆ ಬಿಲ್ಲೆಗಳೂ ಹಾರುತ್ತವೆ. ಕೆಲವು ಸುಮಾರು ಒಂದು ಮೀಟರ್ ದೂರಕ್ಕೂ ಹೋಗುತ್ತವೆ. ಒಂದು ಮಿಲಿಮೀಟರಿಲ್ಲದ್ದು ಒಂದು ಮೀಟರ್ ಹಾರುವುದೆಂದರೆ ಸಣ್ಣ ಮಾತಲ್ಲ. ಬಟ್ಟಲೊಳಗೆ ಇರುವಷ್ಟು ಕಾಲ ಅವು ಚಿಗುರುವುದಿಲ್ಲ, ಗಿಡದ ಹಾರ್ಮೋನುಗಳು ತಡೆಹಿಡಿದಿರುತ್ತವೆ. ಹೊರಗೆ ಒದ್ದೆ ಜಾಗದಲ್ಲಿ ಬಿದ್ದವೋ, ಬೆಳೆಯಲು ಶುರು. ಬಿಲ್ಲೆಗೆ ಆ ವರೆಗೆ ಮೇಲು ಕೆಳಗು ಎಂಬುದಿಲ್ಲ. ಬೆಳಕು ಬಿದ್ದ ಮಗ್ಗುಲು ಮೇಲ್ಭಾಗವಾಗುತ್ತದೆ, ನೆಲ ಮುಟ್ಟಿದ ಮಗ್ಗುಲಿನಿಂದ ಬೇರಿನಂಥ ಎಳೆಗಳು ಇಳಿಯುತ್ತವೆ. ಹಾಗೆ ಹುಟ್ಟಿದ ಗಿಡ ತಾಯಿಗಿಡದ ಪಡಿಯಚ್ಚು. ಬೀಜ ಬೇಕಿಲ್ಲ, ದುಂಬಿ ಬೇಕಿಲ್ಲ, ಮಳೆ ಬಂದರೆ ಸಾಕು.

ಪ್ರಾಣಿಗಳಲ್ಲೂ ಈ ಪದ ಇದೆ. ಸಿಹಿನೀರಿನ ಸ್ಪಂಜು ಪ್ರಾಣಿಗಳು ಕೆರೆ ಬತ್ತುವ ಕಾಲಕ್ಕೆ ಗಟ್ಟಿ ಕವಚದ ಸಣ್ಣ ಉಂಡೆಗಳನ್ನು ಬಿಟ್ಟು ಸಾಯುತ್ತವೆ. ನೀರು ಬಂದ ಮೇಲೆ ಉಂಡೆಗಳಿಂದ ಹೊಸ ಸ್ಪಂಜು ಹುಟ್ಟುತ್ತದೆ. ಅವುಗಳ ಹೆಸರು ಗೆಮ್ಮ್ಯೂಲ್, ಅಂದರೆ ಪುಟಾಣಿ ಮೊಗ್ಗು.

ಮುಂದಿನ ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋದರೆ ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಟ್ಟಲಿರುವ ಗಿಡ ಸಿಕ್ಕಿದರೆ ಸುತ್ತ ಬಿಳಿ ಕಾಗದ ಹರಡಿ, ಮೇಲಿನಿಂದ ಒಂದೊಂದೇ ಹನಿ ನೀರು ಬಿಡಿ. ಕಾಗದದ ಮೇಲೆ ಹಸಿರು ಚುಕ್ಕಿಗಳು ಬಿದ್ದರೆ ಎಷ್ಟು ದೂರಕ್ಕೆ ಬಿದ್ದವು ಎಂದು ಅಳೆದು ಬರೆದುಕೊಳ್ಳಿ. ಗಿಡವನ್ನು ಮಾತ್ರ ಕೀಳಬೇಡಿ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಹಳ್ಳದ ಬಂಡೆಗಳು ಬಲು ಜಾರುತ್ತವೆ.