ಗಜನಿ ಪಾಳುಭೂಮಿಯಲ್ಲ



ಕುಮಟಾ ಮತ್ತು ಗೋಕರ್ಣಗಳ ನಡುವೆ, ಅಘನಾಶಿನಿಯ ಅಳಿವೆಯಲ್ಲಿ ಹರಡಿರುವ ಗಜನಿಭೂಮಿಯು ಬೇಸಿಗೆಯಲ್ಲಿ ಕೇವಲ ಕೆಸರು, ಉಪ್ಪುನೀರುಗಳ ಬಯಲಾಗಿ ತೋರುತ್ತದೆ. ಯೋಜನೆ ರೂಪಿಸುವವರ ನಕ್ಷೆಯಲ್ಲಿ ಅದು ಬಹುಕಾಲ ಖಾಲಿ ಜಾಗವಾಗಿಯೇ ಉಳಿಯಿತು. ಆ ನೆಲದ ಯೋಜನಾ ಚರಿತ್ರೆಯೆಲ್ಲ ಈ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ.

ವಾಸ್ತವವಾಗಿ ಅಲ್ಲಿ ಯಾವುದೂ ಖಾಲಿಯಿಲ್ಲ. ಮುಂಗಾರಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ರೈತರು ಕಗ್ಗ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ತೆನೆ ಕೊಯ್ದ ಬಳಿಕ ತೂಬಿನ ಮೂಲಕ ಭರತದ ನೀರು ಒಳಬರುತ್ತದೆ; ಉಳಿದ ಕೂಳೆ ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ. ಬಳಚು ಹೆಕ್ಕುವವರು, ಸಾಣಿಕಟ್ಟೆಯ ಉಪ್ಪಿನಾಗರಗಳು, ಮರಿಮೀನಿಗೆ ಆಸರೆಯಾದ ಕಾಂಡ್ಲಾ ಗಿಡಗಳು, ಎಲ್ಲವೂ ಇದೇ ನೀರನ್ನು ನಂಬಿವೆ.

1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಇಂಥ ನೆಲಕ್ಕೆ ಮೊದಲ ಕಾನೂನಿನ ಬೇಲಿ. ಆದರೆ ನೀರಂಚನ್ನೇ ಅವಲಂಬಿಸುವ ಬಂದರಿನಂಥ ಕಾಮಗಾರಿಗಳಿಗೆ ಅದರಲ್ಲಿ ಅನುಮತಿಯ ದಾರಿಯಿತ್ತು. 2006ರಲ್ಲಿ ತದಡಿಯ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆಂದು ಕೋಸ್ಟಲ್ ಕರ್ನಾಟಕ ಪವರ್ ಲಿಮಿಟೆಡ್ ಎಂಬ ಕಂಪನಿಯೇ ಹುಟ್ಟಿತು. ಜನರು ವಿರೋಧಿಸಿದರು, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಅಳಿವೆಯ ಮೌಲ್ಯವನ್ನು ಅಧ್ಯಯನದ ಮೂಲಕ ತೋರಿಸಿದರು. ಸ್ಥಾವರ ಬರಲಿಲ್ಲ. ಬಳಿಕ ಅದೇ ತೀರಕ್ಕೆ ವಾಣಿಜ್ಯ ಬಂದರಿನ ಪ್ರಸ್ತಾವ ಬಂದಿತು.

2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯು ರಾಮ್‌ಸರ್ ಪಟ್ಟಿಗೆ ಸೇರಿತು. ಸಂತೋಷದ ಸಂಗತಿ, ಆದರೆ ಮೈಮರೆಯುವಂತಿಲ್ಲ. 2017ರ ಜೌಗುಭೂಮಿ ನಿಯಮಗಳ ವ್ಯಾಖ್ಯೆಯು ಭತ್ತದ ಗದ್ದೆಗಳನ್ನೂ, ಉಪ್ಪು ಹಾಗೂ ಜಲಕೃಷಿಗಾಗಿ ಕಟ್ಟಿದ ರಚನೆಗಳನ್ನೂ ಜೌಗುಭೂಮಿಯಿಂದ ಹೊರಗಿಟ್ಟಿದೆ. ಗಜನಿ ಭತ್ತದ ಗದ್ದೆಯೂ ಹೌದು, ಸಿಗಡಿಯ ಕೆರೆಯೂ ಹೌದು. ಮನುಷ್ಯನ ದುಡಿಮೆ ಬೆರೆತ ಕಾರಣಕ್ಕೇ ಅದು ರಕ್ಷಣೆಯಿಂದ ಜಾರಿಹೋಗಬಹುದು. ಬಿತ್ತನೆ ನಿಂತರೆ ಮತ್ತೆ ಪಾಳು ಎನಿಸಿಕೊಂಡು, ಹೊಸ ಯೋಜನೆಗೆ ಎಡೆಗೊಡಬಹುದು.

ಆದ್ದರಿಂದ ಕಗ್ಗದ ಕೃಷಿಯನ್ನು ಉಳಿಸುವುದೇ ಗಜನಿಯನ್ನು ಉಳಿಸುವ ಉಪಾಯ. ಒಡ್ಡುಗಳ ದುರಸ್ತಿ, ಬೀಜದ ಸಂಗ್ರಹ, ಬೆಳೆಗೆ ನ್ಯಾಯವಾದ ಬೆಲೆ ಇವು ಆಗಬೇಕಾದ ಕೆಲಸಗಳು. ಗಜನಿಯ ಬಳಕೆಯನ್ನು ಗ್ರಾಮಸಭೆಗಳು ಸರ್ವೆ ನಂಬರುವಾರು ದಾಖಲಿಸಿ ಠರಾವು ಮಾಡಲಿ.

ಘಟ್ಟದ ಮೇಲಿನವರಿಗೂ ಇಲ್ಲಿ ಹೊಣೆಯಿದೆ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಆದುದರಿಂದಲೇ ಮಳೆಯ ನೀರು ತಡೆಯಿಲ್ಲದೆ ಇಳಿದು ಗಜನಿಯ ಉಪ್ಪನ್ನು ತೊಳೆಯುತ್ತದೆ. ಮೇಲೆ ನದಿಯನ್ನು ತಿರುಗಿಸಿದರೆ ಕೆಳಗೆ ಕಗ್ಗ ಮೊಳೆಯಲಾರದು. ಕಣಿವೆಗೂ ಕಡಲಿಗೂ ಒಂದೇ ಹೋರಾಟವಾಗಲಿ.