ಒತ್ತು ಓಡಾಡುವ ಭಾಷೆ

ಇಟಾಲಿಯನ್ ಭಾಷೆಯಲ್ಲಿ ‘ಕಪಿತೊ’ ಅನ್ನುವುದನ್ನು ಮೂರು ಬಗೆಯಲ್ಲಿ ಹೇಳಬಹುದು. ‘ಕ’ವನ್ನು ಒತ್ತಿ ಹೇಳಿದರೆ ‘ನಾನು ಅಕಸ್ಮಾತ್ತಾಗಿ ಬಂದು ಸೇರುತ್ತೇನೆ’ ಎಂದರ್ಥ. ‘ಪಿ’ಯನ್ನು ಒತ್ತಿದರೆ ‘ಅರ್ಥವಾಯಿತು’. ‘ತೊ’ವನ್ನು ಒತ್ತಿದರೆ ‘ಸಂಭವಿಸಿತು’! ಕನ್ನಡದಲ್ಲಿ ಈ ಫಜೀತಿ ಇಲ್ಲ. ಸ್ವರ ಎಳೆದರೆ ‘ಬಳೆ’ ಹೋಗಿ ‘ಬಾಳೆ’ ಆಗುತ್ತದೆ, ನಿಜ. ಆದರೆ ಯಾವ ಅಕ್ಷರವನ್ನು ಎಷ್ಟು ಒತ್ತಿದರೂ ಬಳೆ ಬಳೆಯೇ.

ಒತ್ತುವುದು ಎಂದರೇನು? ಪದದ ಒಂದು ತುಣುಕನ್ನು ಹೇಳುವಾಗ ಉಸಿರು ಜೋರಾಗಿ ನುಗ್ಗುತ್ತದೆ, ದನಿ ಏರುತ್ತದೆ. ಒತ್ತು ಕೊನೆಯಿಂದ ಎರಡನೆಯ ತುಣುಕಿನ ಮೇಲಿದ್ದು, ಆ ತುಣುಕು ಸ್ವರದಲ್ಲಿ ಮುಗಿದರೆ ಸ್ವರ ಉದ್ದವೂ ಆಗುತ್ತದೆ. ಅದಕ್ಕೇ ‘ಅರ್ಥವಾಯಿತು’ ಎನ್ನುವ ಪದ ನಮ್ಮ ಕಿವಿಗೆ ‘ಕಪೀತೊ’ ಎಂದು ಕೇಳಿಸುತ್ತದೆ.

ಒತ್ತು ಹುಡುಕಬೇಕಾದರೆ ಮೊದಲು ಪದವನ್ನು ತುಣುಕು ಮಾಡಬೇಕು. ಒಂದು ತುಣುಕಿಗೆ ಒಂದು ಸ್ವರದ ಗುಂಪು. ‘ಮಾತಾಡು’ ಎಂಬರ್ಥದ ಕ್ರಿಯಾಪದ ಪರ್-ಲಾ-ರೆ. ‘ಓದು’ ಎಂಬುದು ಲೆಜ್-ಜೆ-ರೆ. ಜೋಡಿ ವ್ಯಂಜನವನ್ನು ಇಬ್ಭಾಗ ಮಾಡುತ್ತಾರೆ. ‘ಅಕ್ಕ’ ಎನ್ನುವಾಗ ನಮ್ಮ ಬಾಯಿಯೂ ಅಕ್-ಕ ಎಂದೇ ಒಡೆಯುತ್ತದೆ. ಛಂದಸ್ಸಿನಲ್ಲಿ ಅಲ್ಲಿನ ‘ಅ’ ಗುರುವಾಗುವುದು ಇದೇ ಕಾರಣಕ್ಕೆ. ಹೈಸ್ಕೂಲಿನ ಅಣ್ಣನನ್ನೋ ಅಕ್ಕನನ್ನೋ ಕೇಳಿ ನೋಡಿ.

ಇನ್ನು ನಿಜವಾದ ತಮಾಷೆ. ಮಾತಾಡುವವರು ಯಾರು ಎಂಬುದರ ಮೇಲೆ ಒತ್ತು ಜಾಗ ಬದಲಿಸುತ್ತದೆ. ‘ನಾನು ಮಾತಾಡುತ್ತೇನೆ’ ಎಂದರೆ ಪರ್-ಲೊ, ಒತ್ತು ‘ಪರ್’ ಮೇಲೆ. ‘ನೀನು’, ‘ಅವನು’, ‘ಅವಳು’ ಇದ್ದರೂ ಅಲ್ಲೇ. ‘ನಾವು’ ಬಂದರೆ ಪರ್-ಲ್ಯಾ-ಮೊ, ‘ನೀವು’ ಬಂದರೆ ಪರ್-ಲಾ-ತೆ. ಒತ್ತು ಒಂದು ಹೆಜ್ಜೆ ಮುಂದೆ. ಹಾಗಾದರೆ ‘ಅವರು’? ಪರ್-ಲ-ನೊ. ಇಲ್ಲೂ ‘ಲ’ವನ್ನೇ ಒತ್ತೋಣ ಅನ್ನಿಸುತ್ತದೆ. ಹೊಸದಾಗಿ ಕಲಿಯುವವರು ಎಡವುವ ಜಾಗ ಇದೇ! ಬಾಲ ಉದ್ದವಾದರೂ ಒತ್ತು ಕದಲದೆ ‘ಪರ್’ ಮೇಲೆಯೇ ಕೂತಿರುತ್ತದೆ. ‘ಅವರು ಫೋನ್ ಮಾಡುತ್ತಾರೆ’ ಎನ್ನಲು ತೆ-ಲೆ-ಫೊ-ನ-ನೊ: ಒತ್ತು ಎರಡನೆಯ ತುಣುಕಿನ ಮೇಲೆ, ಆಮೇಲೆ ಮೂರು ತುಣುಕುಗಳು ಸರ್ರನೆ ಜಾರಿಹೋಗುತ್ತವೆ. ಪರ್-ಲ-ನೊ ತರಹ ಒತ್ತು ಕೊನೆಯಿಂದ ಮೂರನೆಯದರ ಮೇಲಿರುವ ಪದಗಳಿಗೆ ಇಟಲಿಯ ವ್ಯಾಕರಣದಲ್ಲಿ ‘ಜಾರುವ ಪದ’ ಎಂದೇ ಹೆಸರು. ಎಷ್ಟು ಚೆನ್ನಾಗಿದೆ!

ಬರವಣಿಗೆಯಲ್ಲಿ ಒತ್ತಿನ ಗೆರೆ ಹಾಕಲೇಬೇಕಾದದ್ದು ಮುಖ್ಯವಾಗಿ ಕೊನೆಯ ಸ್ವರದ ಮೇಲೆ ಒತ್ತು ಬಿದ್ದಾಗ. ಉಳಿದದ್ದನ್ನು ಕೇಳಿಯೇ ಕಲಿಯಬೇಕು.

ಈಗ ನಿಮ್ಮ ಸರದಿ. ‘ನಾನು ವಾಸಿಸುತ್ತೇನೆ’ ಎಂದರೆ ಅ-ಬಿ-ತೊ, ಒತ್ತು ‘ಅ’ ಮೇಲೆ. ‘ಅವರು ವಾಸಿಸುತ್ತಾರೆ’ ಎಂದರೆ ಅ-ಬಿ-ತ-ನೊ. ಒತ್ತು ಎಲ್ಲಿ? ಜೋರಾಗಿ ಹೇಳಿ ನೋಡಿ.