ಶೇಕಡಾ ಲೆಕ್ಕದೊಳಗಿನ ಮಕ್ಕಳು



ಅಮೆರಿಕದ ಸರಕಾರಿ ಶಾಲೆಗಳಲ್ಲಿ ಮೂರನೆಯ ತರಗತಿಯಿಂದಲೇ ಪ್ರತಿವರ್ಷ ಓದು ಮತ್ತು ಗಣಿತದಲ್ಲಿ ರಾಜ್ಯಮಟ್ಟದ ಪರೀಕ್ಷೆ ನಡೆಯುತ್ತದೆ. 2002ರಲ್ಲಿ ಬಂದ ಕಾನೂನೊಂದು ಇದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದೂ ಹೇಳಿತು. ಅದು ಆಗಲಿಲ್ಲ. 2015ರಲ್ಲಿ ಕಾನೂನು ಬದಲಾಯಿತು, ಪರೀಕ್ಷೆ ಉಳಿಯಿತು.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಶಾಲೆಯ ಮೂರನೆಯ ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನಿ. ಅವರಲ್ಲಿ 28 ಮಂದಿ ಆ ಮಟ್ಟ ಮುಟ್ಟಿದರೆ ಶೇಕಡಾ 70. ಮರುವರ್ಷ 25 ಮಂದಿ ಮುಟ್ಟಿದರೆ ಶೇಕಡಾ 62.5. ಶಾಲೆ ಕುಸಿಯಿತೆಂದು ಊರೆಲ್ಲ ಮಾತು! ವ್ಯತ್ಯಾಸ ಮೂರೇ ಮಕ್ಕಳದು. ಅದೂ ಬೇರೆ ಮಕ್ಕಳು. ಹಿಂದಿನವರು ಆಗಲೇ ನಾಲ್ಕನೆಯ ತರಗತಿಯಲ್ಲಿರುತ್ತಾರೆ. ಅಕ್ಷರವೇ ಬಾರದಿದ್ದ ಹುಡುಗಿಯೊಬ್ಬಳು ವರ್ಷದೊಳಗೆ ವಾಕ್ಯ ಓದಲು ಕಲಿತಳು, ಆದರೆ ಗೆರೆ ದಾಟಲಿಲ್ಲ ಎನ್ನೋಣ. ಈ ಶೇಕಡಾ ಲೆಕ್ಕದಲ್ಲಿ ಅವಳ ಕಲಿಕೆಯ ಬೆಲೆ ಸೊನ್ನೆ. ಹಾಗಾಗಿ ಶಾಲೆಯ ಗಮನವೆಲ್ಲ ಗೆರೆಯ ಹತ್ತಿರ ನಿಂತವರ ಮೇಲೆ ಹೋದರೆ ಆಶ್ಚರ್ಯವಿಲ್ಲ.

ಅಟ್ಲಾಂಟಾ ನಗರದಲ್ಲಿ ಇದು ಇನ್ನೂ ಕೆಟ್ಟಿತು. 2009ರ ಉತ್ತರಪತ್ರಿಕೆಗಳಲ್ಲಿ, ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರ ಗುರುತಿಸಿದ ಜಾಗಗಳು ಸಹಜಕ್ಕಿಂತ ಬಹಳ ಹೆಚ್ಚಿದ್ದವು. ತನಿಖೆಯಾಯಿತು. 2011ರ ವರದಿಯ ಪ್ರಕಾರ, ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಮೋಸ ನಡೆದಿತ್ತು. ರಬ್ಬರು ಹಿಡಿದವರು ಮಕ್ಕಳಲ್ಲ, ಶಿಕ್ಷಕರು, ಕೆಲವೆಡೆ ಮುಖ್ಯೋಪಾಧ್ಯಾಯರೇ. ಓದಲು ಬಾರದ ಮಗುವಿಗೂ ಒಳ್ಳೆಯ ಅಂಕ ಬಂತು. ಅಂಕ ಬಂದದ್ದರಿಂದ, ಅದಕ್ಕೆ ಸಿಗಬೇಕಾಗಿದ್ದ ವಿಶೇಷ ಪಾಠ ತಪ್ಪಿಹೋಯಿತು.